ಒಂದು ಗ್ಯಾಸ್ ಸಿಲಿಂಡರ್‌ನಲ್ಲಿ ಎಷ್ಟು ಶಾಖ ಇರುತ್ತೆ? ಫಸ್ಟ್ ಪಿಯು ಲೆಕ್ಕ ಹಾಕೋದು ಹೀಗೆ

ಮನೇಲಿರೋ ಗ್ಯಾಸ್ ಸಿಲಿಂಡರ್ ಮೇಲೆ ನೋಡಿ, ಒಳಗಿನ ಗ್ಯಾಸ್ ತೂಕ 14.2 ಕೆಜಿ ಅಂತ ಬರೆದಿರುತ್ತೆ. ಅದು ಪೂರ್ತಿ ಉರಿದ್ರೆ ಎಷ್ಟು ಶಾಖ ಬರುತ್ತೆ ಅನ್ನೋದನ್ನ ಒಂದು ಪೆನ್ನು, ಒಂದು ಟೇಬಲ್ ಇಟ್ಕೊಂಡು ಫಸ್ಟ್ ಪಿಯು ಹುಡುಗರು ಹೇಳಿಬಿಡ್ಬಹುದು. ಇರೋದೆಲ್ಲ ಕೂಡೋದು, ಕಳೆಯೋದು, ಗುಣಿಸೋದು ಅಷ್ಟೇ, ಆದ್ರೂ ಈ ಚಾಪ್ಟರ್‌ನಲ್ಲಿ ಮಾರ್ಕ್ಸ್ ಕಳ್ಕೊಳ್ಳೋರು ಜಾಸ್ತಿ, ಯಾಕಂದ್ರೆ ಪಕ್ಕದಲ್ಲಿ ಬ್ರಾಕೆಟ್ ಹಾಕಿ ಬರೆದಿರೋ ಸಣ್ಣ ಅಕ್ಷರಾನ ಯಾರೂ ಓದೋದಿಲ್ಲ.

ಎಲ್‌ಪಿಜಿ ಅಂದ್ರೆ ಮುಖ್ಯವಾಗಿ ಪ್ರೊಪೇನ್, ಬ್ಯೂಟೇನ್ ಎರಡರ ಮಿಶ್ರಣ. ಲೆಕ್ಕ ಸುಲಭ ಆಗ್ಲಿ ಅಂತ ಪೂರ್ತಿ ಬ್ಯೂಟೇನೇ ಅಂದ್ಕೊಳ್ಳೋಣ. ಮೊದಲ ಕೆಲಸ ಸಮೀಕರಣ ಬ್ಯಾಲೆನ್ಸ್ ಮಾಡೋದು: 1 ಬ್ಯೂಟೇನ್ + 6.5 ಆಕ್ಸಿಜನ್ → 4 ಕಾರ್ಬನ್ ಡೈಆಕ್ಸೈಡ್ + 5 ನೀರು. ಆರೂವರೆ ನೋಡೋಕೆ ಚೆನ್ನಾಗಿಲ್ಲ ಅಂತ ಕೆಲವರು ಎಲ್ಲಾನೂ ಎರಡರಿಂದ ಗುಣಿಸಿ 13 ಮಾಡ್ಕೊತಾರೆ, ಮಾಡ್ಲಿ, ಆದ್ರೆ ಬರೋ ಉತ್ತರ 2 ಮೋಲ್‌ದು (ಮೋಲ್ ಅಂದ್ರೆ ಕಣಗಳನ್ನ ಎಣಿಸೋ ಅಳತೆ) ಅನ್ನೋದು ಕೊನೇಲಿ ನೆನಪಿರ್ಬೇಕು. ಶಾಖದ ಲೆಕ್ಕದಲ್ಲಿ ಭಿನ್ನರಾಶಿ ಉಳಿದ್ರೆ ಏನೂ ತೊಂದ್ರೆ ಇಲ್ಲ, ನನ್ನ ಕೇಳಿದ್ರೆ ಹಾಗೇ ಬಿಡಿ.

ಆಮೇಲೆ ಟೇಬಲ್‌ನಿಂದ ಫಾರ್ಮೇಶನ್ ಎಂಥಾಲ್ಪಿ, ಅಂದ್ರೆ ಮೂಲವಸ್ತುಗಳಿಂದ ಒಂದು ಮೋಲ್ ವಸ್ತು ಆಗುವಾಗಿನ ಶಾಖದ ಬದಲಾವಣೆ, ಬರ್ಕೊಳ್ಳಿ. ಒಂದು ಮೋಲ್‌ಗೆ ಕಿಲೋಜೌಲ್ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ −393.5, ದ್ರವ ನೀರು −285.8, ಬ್ಯೂಟೇನ್ −125.6. ಆಕ್ಸಿಜನ್‌ಗೆ ಸೊನ್ನೆ, ಅದು ಮೂಲವಸ್ತು, ಸಹಜ ರೂಪದಲ್ಲೇ ಇದೆ. ಈ ಸೊನ್ನೆ ಎಲ್ಲಾ ರೂಪಕ್ಕೂ ಸಿಗಲ್ಲ: ಕಾರ್ಬನ್‌ನಲ್ಲಿ ಗ್ರಾಫೈಟ್‌ಗೆ ಸೊನ್ನೆ, ವಜ್ರಕ್ಕೆ ಸುಮಾರು +1.9.

ಈಗ ಪ್ರಾಡಕ್ಟ್‌ಗಳ ಮೊತ್ತದಿಂದ ರಿಯಾಕ್ಟೆಂಟ್‌ಗಳ ಮೊತ್ತ ಕಳೀರಿ. ಪ್ರಾಡಕ್ಟ್ ಕಡೆ 4 ಸಲ −393.5 ಅಂದ್ರೆ −1574, 5 ಸಲ −285.8 ಅಂದ್ರೆ −1429, ಒಟ್ಟು −3003. ಇದರಿಂದ −125.6 ಕಳೀಬೇಕು, ಅಂದ್ರೆ 125.6 ಕೂಡಿಸ್ಬೇಕು, ಎಷ್ಟೋ ಜನ ಇಲ್ಲಿ ಆತುರದಲ್ಲಿ ಇನ್ನೊಂದು ಮೈನಸ್ ಸೇರಿಸಿ −3128.6 ಅಂತ ಬರ್ದು ಮುಂದೆ ಹೋಗ್ತಾರೆ. ಸರಿಯಾದ ಉತ್ತರ −2877.4 ಕಿಲೋಜೌಲ್. ಮೈನಸ್ ಇದೆ ಅಂದ್ರೆ ಶಾಖ ಹೊರಗೆ ಬರ್ತಿದೆ ಅಂತ, ಒಲೆ ಉರೀಬೇಕಾದ್ರೆ ಪ್ಲಸ್ ಬಂತು ಅಂದ್ರೆ ಅಲ್ಲೇ ನಿಂತು ಮತ್ತೆ ನೋಡಿ.

ಆ ಸಣ್ಣ ಅಕ್ಷರದ ವಿಷಯ ಈಗ: ನೀರಿನ ಪಕ್ಕ (l) ಇದ್ರೆ ದ್ರವ, (g) ಇದ್ರೆ ಆವಿ. ಕೆಲವು ಪ್ರಾಬ್ಲಮ್‌ಗಳಲ್ಲಿ ಬ್ಯೂಟೇನ್ ಉರಿಯೋ ಶಾಖ 2658 ಅಂತ ಕೊಟ್ಟಿರ್ತಾರೆ, ನಮ್ಮ ಉತ್ತರ 2877, ಅಚ್ಚಿನ ತಪ್ಪು ಇರ್ಬೇಕು ಅನ್ಸುತ್ತೆ. ಎರಡೂ ಸರೀನೇ. ನೀರು ದ್ರವವಾಗದೆ ಆವಿಯಾಗೇ ಉಳಿದ್ರೆ ಅದರ ಬೆಲೆ −285.8 ಬದಲು −241.8. ಒಂದು ಮೋಲ್‌ಗೆ 44 ವ್ಯತ್ಯಾಸ, 5 ಮೋಲ್ ನೀರಿಗೆ 220, ಹಾಗಾಗಿ 2877.4 ಇದ್ದಿದ್ದು 2657.4 ಆಗುತ್ತೆ. ಅಡುಗೆಮನೇಲಿ ನೀರು ಆವಿಯಾಗೇ ಗಾಳಿಗೆ ಹೋಗೋದ್ರಿಂದ ಪಾತ್ರೆಗೆ ಸಂಬಂಧಪಟ್ಟಿದ್ದು ಈ ಚಿಕ್ಕ ಸಂಖ್ಯೇನೇ.

ಸಿಲಿಂಡರ್‌ಗೆ ಬರೋಣ. ಬ್ಯೂಟೇನ್‌ನ ಒಂದು ಮೋಲ್ 58 ಗ್ರಾಂ, 14,200ನ್ನ 58ರಿಂದ ಭಾಗಿಸಿದ್ರೆ ಸುಮಾರು 245 ಮೋಲ್. ಆವಿ ಲೆಕ್ಕದಲ್ಲಿ ಸುಮಾರು 6.5 ಲಕ್ಷ ಕಿಲೋಜೌಲ್, ದ್ರವದ ಲೆಕ್ಕದಲ್ಲಿ 7 ಲಕ್ಷ ದಾಟುತ್ತೆ. ಒಂದು ಬ್ರಾಕೆಟ್ ಓದ್ಲಿಲ್ಲ ಅಂದ್ರೆ ಐವತ್ತು ಸಾವಿರದ ಮೇಲೆ ಎಡವಟ್ಟು.

ಟೇಬಲ್‌ನಲ್ಲಿ ಬೇಕಾದ ಬೆಲೆ ಇಲ್ಲದಿದ್ರೆ ಹೆಸ್ ನಿಯಮ. ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ಕೆಲಸ ಮಾಡ್ತಿದ್ದ ಜರ್ಮೇನ್ ಹೆಸ್ 1840ರಲ್ಲಿ ಹೇಳಿದ್ದು ಇಷ್ಟೇ, ದಾರಿ ಯಾವುದಾದ್ರೂ ಆಗ್ಲಿ, ಶುರು ಮತ್ತು ಕೊನೆ ಒಂದೇ ಆಗಿದ್ರೆ ಒಟ್ಟು ಶಾಖ ಒಂದೇ. ಕಾರ್ಬನ್ ಸುಟ್ಟು ಬರೀ ಮೊನಾಕ್ಸೈಡ್ ಮಾತ್ರ ಬರೋ ಹಾಗೆ ಅಳೆಯೋದು ಕಷ್ಟ, ಡೈಆಕ್ಸೈಡ್ ಸೇರ್ಕೊಂಡುಬಿಡುತ್ತೆ. ಆದ್ರೆ ಕಾರ್ಬನ್‌ನಿಂದ ಡೈಆಕ್ಸೈಡ್‌ಗೆ −393.5, ಮೊನಾಕ್ಸೈಡ್‌ನಿಂದ ಡೈಆಕ್ಸೈಡ್‌ಗೆ −283.0 ಅಂತ ಗೊತ್ತು. ಎರಡನೇ ಸಮೀಕರಣ ತಿರುಗಿಸಿ, ಚಿಹ್ನೆಯೂ ತಿರುಗುತ್ತೆ, ಕೂಡಿ: −393.5 + 283.0 = −110.5.

ಬಾಂಡ್ ಎಂಥಾಲ್ಪಿ ಕೊಟ್ರೆ ಮಾತ್ರ ಕ್ರಮ ಉಲ್ಟಾ. ಅಲ್ಲಿ ರಿಯಾಕ್ಟೆಂಟ್‌ನ ಬಾಂಡ್ ಮುರಿಯೋಕೆ ಬೇಕಾದ ಶಕ್ತಿಯಿಂದ ಪ್ರಾಡಕ್ಟ್‌ನ ಬಾಂಡ್‌ಗಳದ್ದನ್ನ ಕಳೀಬೇಕು. ಹೈಡ್ರೋಜನ್ 436, ಕ್ಲೋರಿನ್ 242, ಇವೆರಡೂ ಸೇರಿ ಎರಡು ಹೈಡ್ರೋಜನ್ ಕ್ಲೋರೈಡ್, ತಲಾ 431: 678 − 862 = −184. ಎರಡು ಫಾರ್ಮುಲಾನೂ ಒಂದೇ ಅಂದ್ಕೊಂಡ್ರೆ +184 ಬರುತ್ತೆ, ಮಲ್ಟಿಪಲ್ ಚಾಯ್ಸ್‌ನಲ್ಲಿ ಆ +184 ಕೂಡ ಒಂದು ಆಪ್ಶನ್ ಆಗಿ ಕೂತಿರುತ್ತೆ.

ಎಲೆಕ್ಟ್ರಾನ್ ಕಾನ್ಫಿಗರೇಶನ್‌ನಲ್ಲೂ, ಅಂದ್ರೆ ಪರಮಾಣುವಿನ ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿ ತುಂಬಿವೆ ಅಂತ ಬರೆಯೋದ್ರಲ್ಲೂ, ಹೀಗೇ ಒಂದು ಕ್ರಮದ ಗೊಂದಲ ಇದೆ. ಎಸ್ ಉಪಕವಚದಲ್ಲಿ 2, ಪಿನಲ್ಲಿ 6, ಡಿನಲ್ಲಿ 10, ಎಫ್‌ನಲ್ಲಿ 14 ಎಲೆಕ್ಟ್ರಾನ್ ಹಿಡಿಯುತ್ತೆ ಅನ್ನೋದು ಎಲ್ರಿಗೂ ಬರುತ್ತೆ. ಯಾವುದು ಮೊದಲು ಅಂತ ಬಾಣದ ಗುರುತಿನ ಚಾರ್ಟ್ ಉರುಹೊಡೆಯೋ ಬದಲು ಎನ್ (ಮುಂದಿರೋ ಕವಚದ ನಂಬರ್) ಮತ್ತು ಎಲ್ (ಎಸ್‌ಗೆ 0, ಪಿಗೆ 1, ಡಿಗೆ 2) ಕೂಡಿ: 4ಎಸ್‌ಗೆ 4+0, 3ಡಿಗೆ 3+2, ಚಿಕ್ಕದು 4ಎಸ್, ಅದೇ ಮೊದಲು. 3ಡಿ ಮತ್ತು 4ಪಿ ಎರಡಕ್ಕೂ 5 ಬರುತ್ತೆ, ಟೈ ಆದಾಗ ಎನ್ ಚಿಕ್ಕದಿರೋದು ಮುಂದೆ, ಅಂದ್ರೆ 3ಡಿ.

ಕಬ್ಬಿಣ, ನಂಬರ್ 26: 1ಎಸ್² 2ಎಸ್² 2ಪಿ⁶ 3ಎಸ್² 3ಪಿ⁶ 4ಎಸ್² 3ಡಿ⁶. ಮೇಲಿನ ಅಂಕಿಗಳನ್ನ ಕೂಡಿ 26 ಬಂತಾ ನೋಡ್ಕೊಳ್ಳಿ, ಐದು ಸೆಕೆಂಡ್ ಕೆಲಸ. ಮೊದಲ 18ನ್ನ [ಆರ್ಗಾನ್] ಅಂತ ಚಿಕ್ಕದಾಗಿ ಬರೀಬಹುದು. ಕ್ರೋಮಿಯಂ 3ಡಿ⁵ 4ಎಸ್¹, ತಾಮ್ರ 3ಡಿ¹⁰ 4ಎಸ್¹, ಡಿ ಅರ್ಧ ಅಥವಾ ಪೂರ್ತಿ ತುಂಬಿದ್ರೆ ಸ್ಥಿರತೆ ಜಾಸ್ತಿ ಅಂತ ಟೆಕ್ಸ್ಟ್‌ಬುಕ್ ಕಾರಣ ಕೊಡುತ್ತೆ, ಪರೀಕ್ಷೆಗೆ ಅಷ್ಟು ಸಾಕು.

ಅಯಾನ್ ಕೇಳಿದಾಗ ಕೊನೇಲಿ ತುಂಬಿದ್ದು 3ಡಿ ತಾನೇ ಅಂತ ಅಲ್ಲಿಂದ ತೆಗೀಬೇಡಿ, ಹೊರಗಿರೋದು 4ಎಸ್, ಮೊದಲು ಹೋಗೋದೂ ಅದೇ. ಕಬ್ಬಿಣ 2+ ಅಂದ್ರೆ 3ಡಿ⁶, 3+ ಅಂದ್ರೆ 3ಡಿ⁵. ಸೆಕೆಂಡ್ ಪಿಯುನಲ್ಲಿ ಮ್ಯಾಗ್ನೆಟಿಕ್ ಮೊಮೆಂಟ್ ಲೆಕ್ಕ (ಜೋಡಿ ಇಲ್ಲದ ಎಲೆಕ್ಟ್ರಾನ್ ಎಣಿಸಿ ಕಾಂತೀಯತೆ ಎಷ್ಟು ಅಂತ ಹೇಳೋದು) ಬಂದಾಗ ಇದರ ಮಜಾ ಗೊತ್ತಾಗುತ್ತೆ: 2+ ಅಯಾನನ್ನ ತಪ್ಪಾಗಿ 3ಡಿ⁴ 4ಎಸ್² ಅಂತ ಬರೆದ್ರೂ ಜೋಡಿ ಇಲ್ಲದ ಎಲೆಕ್ಟ್ರಾನ್ ನಾಲ್ಕೇ, ಉತ್ತರ 4.90 ಸರಿಯಾಗೇ ಬಂದುಬಿಡುತ್ತೆ, ತಪ್ಪು ಸಿಕ್ಕಿಬೀಳಲ್ಲ. ಅದೇ ಧೈರ್ಯದಲ್ಲಿ 3+ನ 3ಡಿ³ 4ಎಸ್² ಅಂತ ಬರೆದ್ರೆ 5.92 ಬರಬೇಕಾದ ಕಡೆ 3.87 ಬರುತ್ತೆ.