ಪೋಲ್ ಯಾರದು, ಪೆನಾಲ್ಟಿ ಸರಿಯೇ? ಎಫ್1 ವಾದಕ್ಕೆ ಇಳಿಯುವ ಮುನ್ನ

2024ರ ಕತಾರ್ ಫಾರ್ಮುಲಾ 1 (ಎಫ್1) ಕಾರು ರೇಸಿನ ಕ್ವಾಲಿಫೈಯಿಂಗ್, ಅಂದರೆ ಯಾರು ಎಷ್ಟನೆಯ ಸ್ಥಾನದಿಂದ ಹೊರಡಬೇಕೆಂದು ತೀರ್ಮಾನಿಸುವ ಓಟ, ನಮ್ಮಲ್ಲಿ ಶನಿವಾರ ರಾತ್ರಿ ಹನ್ನೊಂದೂವರೆಗೆ ಶುರುವಾಯಿತು. ಮುಗಿದಾಗ ಮ್ಯಾಕ್ಸ್ ವರ್ಸ್ಟಪನ್ 0.055 ಸೆಕೆಂಡಿನಿಂದ ಮೊದಲು. ಅಷ್ಟು ನೋಡಿ ಮಲಗಿದವರು ಬೆಳಿಗ್ಗೆ ಎದ್ದಾಗ ವರ್ಸ್ಟಪನ್‌ಗೆ ಶಿಕ್ಷೆಯಾಗಿ ಪೋಲ್, ಅಂದರೆ ಮೊದಲ ಸ್ಥಾನದಿಂದ ಹೊರಡುವ ಅವಕಾಶ, ಜಾರ್ಜ್ ರಸೆಲ್ ಪಾಲಾಗಿತ್ತು. ಇಂಥ ಹೊತ್ತಿನಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಕಲೆಸಿಹೋಗುತ್ತವೆ: ಯಾರ ಓಟ ಚುರುಕಾಗಿತ್ತು, ಯಾರು ನಿಯಮ ಮುರಿದರು. ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡಿ.

ಮೊದಲು ವೇಗ. ಬೇರೆ ಬೇರೆ ತಂಡದವರ ಸಮಯ ಹೋಲಿಸಿದರೆ ಕಾರನ್ನು ಅಳೆದಂತಾಗುತ್ತದೆ, ಚಾಲಕನನ್ನಲ್ಲ. ಚಾಲಕನನ್ನು ಅಳೆಯಲು ಅದೇ ತಂಡದ ಜೊತೆಗಾರನೇ ಬೇಕು. ಕ್ವಾಲಿಫೈಯಿಂಗ್‌ಗೆ ಕ್ಯೂ1, ಕ್ಯೂ2, ಕ್ಯೂ3 ಎಂಬ ಮೂರು ಹಂತ, ಮೊದಲೆರಡರಲ್ಲಿ ನಿಧಾನವಾದವರು ಹೊರಬೀಳುತ್ತಾರೆ. ಇಬ್ಬರೂ ಓಡಿದ ಕೊನೆಯ ಹಂತದ ಸಮಯವನ್ನಷ್ಟೇ ತೆಗೆದುಕೊಳ್ಳಿ. ಒಬ್ಬ ಕ್ಯೂ2ರಲ್ಲೇ ಹೊರಬಿದ್ದು ಇನ್ನೊಬ್ಬ ಕ್ಯೂ3ಕ್ಕೆ ಹೋಗಿದ್ದರೆ ಇಬ್ಬರ ಕ್ಯೂ2 ಸಮಯವೇ ಲೆಕ್ಕಕ್ಕೆ. ಹೆಚ್ಚಿನವರು ಎಡವುವುದು ಇಲ್ಲೇ. ಒಣ ಟ್ರ್ಯಾಕಿನಲ್ಲಿ ಕಾರುಗಳು ಓಡಿದಷ್ಟೂ ರಬ್ಬರ್ ಕೂತು ಹಿಡಿತ ಹೆಚ್ಚುತ್ತದೆ, ಹಂತದಿಂದ ಹಂತಕ್ಕೆ ಸಮಯ ತಾನಾಗಿ ಇಳಿಯುತ್ತದೆ. ಕ್ಯೂ3ರ ಸಮಯವನ್ನು ಕ್ಯೂ2ರದ್ದರ ಪಕ್ಕ ಇಟ್ಟರೆ ಟ್ರ್ಯಾಕ್ ಕೊಟ್ಟ ಲಾಭವೂ ಚಾಲಕನ ಖಾತೆಗೆ ಜಮೆಯಾಗುತ್ತದೆ.

ಅಂತರವನ್ನು ಸೆಕೆಂಡಿನಲ್ಲಿ ಬಿಡದೆ ಶೇಕಡಾಕ್ಕೆ ಬದಲಿಸಿ. ಆಸ್ಟ್ರಿಯಾದ ರೆಡ್ ಬುಲ್ ರಿಂಗ್ ಟ್ರ್ಯಾಕಿನ ಸುಮಾರು 65 ಸೆಕೆಂಡಿನ ಲ್ಯಾಪಿನಲ್ಲಿ (ಒಂದು ಸುತ್ತಿನಲ್ಲಿ) 0.2 ಸೆಕೆಂಡ್ ಎಂದರೆ ಶೇ 0.31. ಸುಮಾರು 105 ಸೆಕೆಂಡಿನ ಬೆಲ್ಜಿಯಂನ ಸ್ಪಾದಲ್ಲಿ ಅದೇ 0.2 ಸೆಕೆಂಡ್ ಶೇ 0.19 ಮಾತ್ರ. ಇಡೀ ವರ್ಷದ ಹೋಲಿಕೆಗೆ ಸರಾಸರಿಯನ್ನು ನಂಬಬೇಡಿ. ಐದು ರೇಸಿನ ಶೇಕಡಾ ಅಂತರ 0.10, 0.12, 0.15, 0.20, 1.40 ಇದ್ದರೆ ಸರಾಸರಿ 0.394 ಬರುತ್ತದೆ. ಮಳೆಯಲ್ಲೋ, ಮುಂದೆ ಅಪಾಯವಿದೆ, ನಿಧಾನಿಸಿ ಎನ್ನುವ ಹಳದಿ ಬಾವುಟದಲ್ಲೋ ಹಾಳಾದ ಒಂದೇ ಲ್ಯಾಪ್ ಇಡೀ ಚಿತ್ರ ಕೆಡಿಸಿತು. ಸಾಲಾಗಿ ಜೋಡಿಸಿ ನಟ್ಟನಡುವಿನದ್ದನ್ನು ತೆಗೆದರೆ 0.15. ನಿಜಕ್ಕೆ ಹತ್ತಿರವಾದದ್ದು ಅದೇ. ಹೊಸ ಸಾಫ್ಟ್ ಟೈರಿನ ಲ್ಯಾಪೋ ಬಳಸಿದ್ದರದ್ದೋ, ಇಟಲಿಯ ಮೊಂಜಾದಂಥ ಟ್ರ್ಯಾಕಿನಲ್ಲಿ ಮುಂದಿನ ಕಾರಿನ ಗಾಳಿಮರೆ ಸಿಕ್ಕಿತ್ತೋ ಎಂಬುದನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ. ನಾಲ್ಕೂ ಚಕ್ರ ಬಿಳಿ ಗೆರೆ ದಾಟಿದ್ದಕ್ಕೆ ಅಳಿಸಿದ ಲ್ಯಾಪನ್ನು ವೇಗದ ಲೆಕ್ಕಕ್ಕೂ ಸೇರಿಸಬೇಡಿ, ಆ ಸಮಯ ಬಂದದ್ದೇ ಅಗಲವಾಗಿ ಹೋದದ್ದರಿಂದ ಇರಬಹುದು. ಗೆರೆಯಾಚೆಯ ಅಂಚುಕಟ್ಟೆ (ಕರ್ಬ್) ಟ್ರ್ಯಾಕಿನ ಭಾಗವಲ್ಲ ಎಂಬುದು ನೆನಪಿರಲಿ.

ಇನ್ನು ಪೆನಾಲ್ಟಿ. ರೇಸ್ ಡೈರೆಕ್ಟರನ್ನು ಬೈಯುವವರು ಬಹಳ. ಅವರು ಘಟನೆಯನ್ನು ತೀರ್ಪುಗಾರರಾದ ಸ್ಟೀವರ್ಡ್‌ಗಳ ಮುಂದಿಡುತ್ತಾರೆ ಅಷ್ಟೆ, ಶಿಕ್ಷೆ ತೀರ್ಮಾನಿಸುವುದು ಸ್ಟೀವರ್ಡ್‌ಗಳು. ಅವರ ಲಿಖಿತ ತೀರ್ಪು ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆಯಾದ ಎಫ್‌ಐಎ ಜಾಲತಾಣದಲ್ಲಿ ಸಿಗುತ್ತದೆ. ಕಾರಿನ ಸಂಖ್ಯೆ, ನಡೆದದ್ದೇನು, ಮುರಿದ ನಿಯಮ ಯಾವುದು, ಶಿಕ್ಷೆ, ಕೊನೆಗೆ ಕಾರಣ. ನಿಧಾನವಾಗಿ ಓದಬೇಕಾದ್ದು ಆ ಕೊನೆಯ ಭಾಗವನ್ನೇ. ಟಿವಿಯಲ್ಲಿ ಹತ್ತು ಸೆಕೆಂಡಿನ ತುಣುಕು ನೋಡಿ ಕಟ್ಟಿದ ವಾದ ಅಲ್ಲೇ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಕತಾರನ್ನೇ ತೆಗೆದುಕೊಳ್ಳಿ. ಕ್ವಾಲಿಫೈಯಿಂಗ್‌ನಲ್ಲಿ ಇನ್ನೊಬ್ಬರಿಗೆ ಅಡ್ಡಿಯಾದರೆ ಸಾಮಾನ್ಯ ಶಿಕ್ಷೆ ರೇಸ್ ಹೊರಡುವ ಸ್ಥಾನಗಳ ಸಾಲಾದ ಗ್ರಿಡ್‌ನಲ್ಲಿ ಮೂರು ಸ್ಥಾನ ಹಿಂದೆ. ವರ್ಸ್ಟಪನ್‌ಗೆ ಬಿದ್ದದ್ದು ಒಂದೇ ಸ್ಥಾನ. ಹಿಂದೆ ಬರುತ್ತಿದ್ದ ರಸೆಲ್‌ಗೆ ಅಡ್ಡಿಯಾಗುವಂತೆ ಅನಗತ್ಯವಾಗಿ ನಿಧಾನಿಸಿದ್ದು ತಪ್ಪು, ಆದರೆ ಇಬ್ಬರೂ ಆಗ ಪುಷ್ ಲ್ಯಾಪಿನಲ್ಲಿ (ಪೂರ್ತಿ ವೇಗದ ಸುತ್ತಿನಲ್ಲಿ) ಇರಲಿಲ್ಲ, ರಸೆಲ್‌ಗೆ ಮುಂದಿನ ಕಾರು ಚೆನ್ನಾಗಿ ಕಾಣುತ್ತಿತ್ತು ಎಂದು ಸ್ಟೀವರ್ಡ್‌ಗಳು ಶಿಕ್ಷೆ ತಗ್ಗಿಸಿದರು. ಹಾಗಾಗಿ ಯಾವುದೇ ಅಡ್ಡಿಯ ಪ್ರಕರಣದಲ್ಲಿ ಮೊದಲು ಕೇಳಬೇಕಾದ್ದು, ಹಿಂದಿನ ಕಾರು ಪುಷ್ ಲ್ಯಾಪಿನಲ್ಲಿತ್ತೇ? ಎರಡನೆಯದು, ಮುಂದಿನವನಿಗೆ ತಂಡ ರೇಡಿಯೋದಲ್ಲಿ ಎಚ್ಚರಿಕೆ ಕೊಟ್ಟಿತ್ತೇ? ಮೂರನೆಯದು, ರೇಸ್ ಡೈರೆಕ್ಟರ್ ಒಂದು ಲ್ಯಾಪಿಗೆ ನಿಗದಿ ಮಾಡಿದ ಗರಿಷ್ಠ ಸಮಯ ಮೀರಿ ನಿಧಾನವಾಗಿದ್ದನೇ? ಒಂದು ಸ್ಥಾನ ಕಡಿಮೆಯಾಯಿತು ಎನ್ನುವವರೂ ಜಾಸ್ತಿಯಾಯಿತು ಎನ್ನುವವರೂ ವಾದ ಮಾಡಬೇಕಾದ್ದು ಈ ಮೂರರ ಮೇಲೆ. ಹೋದದ್ದು ಸ್ಥಾನ ಮಾತ್ರ. 0.055ರ ಮುನ್ನಡೆ ವೇಗದ ಲೆಕ್ಕದಲ್ಲಿ ವರ್ಸ್ಟಪನ್ ಹೆಸರಲ್ಲೇ ಉಳಿಯುತ್ತದೆ.

ಕಾರಿನ ತಾಂತ್ರಿಕ ದೋಷ ಹಾಗಲ್ಲ. 2021ರ ಬ್ರೆಜಿಲ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕಾರಿನ ಹಿಂಬದಿ ರೆಕ್ಕೆಯಲ್ಲಿ, ಗಾಳಿಯ ತಡೆ ತಗ್ಗಿಸಿ ವೇಗ ಹೆಚ್ಚಿಸುವ ಡಿಆರ್‌ಎಸ್ ಸಂದು ತೆರೆದಾಗ 85 ಮಿಲಿಮೀಟರ್ ಮೀರಿತ್ತು. ಕ್ವಾಲಿಫೈಯಿಂಗ್ ಫಲಿತಾಂಶವೇ ರದ್ದಾಗಿ, ಮುಖ್ಯ ರೇಸಿಗೆ ಮುನ್ನ ನಡೆಯುವ ಚಿಕ್ಕ ರೇಸಾದ ಸ್ಪ್ರಿಂಟ್‌ಗೆ ಕೊನೆಯಿಂದ ಹೊರಟರು. ತಂಡ ಬೇಕೆಂದು ಮಾಡಿತೇ ಎಂಬ ಪ್ರಶ್ನೆಗೆ ಇಲ್ಲಿ ಬೆಲೆಯಿಲ್ಲ. ಅಳತೆ ಮೀರಿತೇ, ಇಲ್ಲವೇ, ಅಷ್ಟೇ.

ಹಳೆಯ ತೀರ್ಪನ್ನು ಉದಾಹರಣೆಗೆ ಎಳೆದು ತರುವಾಗ ಅಪರಾಧ ಅದೇ ಬಗೆಯದ್ದೇ ನೋಡಿ. 2021ರ ಕತಾರ್ ಕ್ವಾಲಿಫೈಯಿಂಗ್‌ನ ಕೊನೆಯಲ್ಲಿ ಪಿಯರ್ ಗ್ಯಾಸ್ಲಿಯ ಕಾರು ನೇರ ಹಾದಿಯಲ್ಲಿ ನಿಂತಿತು. ಎರಡು ಹಳದಿ ಬಾವುಟಕ್ಕೆ ವೇಗ ತಗ್ಗಿಸದ ವರ್ಸ್ಟಪನ್‌ಗೆ ಐದು ಸ್ಥಾನ, ಒಂದೇ ಹಳದಿ ಬಾವುಟ ಕಡೆಗಣಿಸಿದ ವಾಲ್ಟೆರಿ ಬೊಟ್ಟಾಸ್‌ಗೆ ಮೂರು ಸ್ಥಾನ. ವಿಚಾರಣೆಗೆ ಹೋದ ಕಾರ್ಲೋಸ್ ಸೈಂಜ್‌ಗೆ ಶಿಕ್ಷೆಯೇ ಆಗಲಿಲ್ಲ. ಅದೇ ಜಾಗ, ಅದೇ ನಿಮಿಷ, ಮೂರು ತೀರ್ಪು. ಬಾವುಟ ಎಷ್ಟು, ವೇಗ ಇಳಿಯಿತೇ ಎಂಬುದರಿಂದ ಬಂದ ವ್ಯತ್ಯಾಸ ಅದು, ಪಕ್ಷಪಾತವಲ್ಲ.

ಗ್ರಿಡ್ ಲೆಕ್ಕವನ್ನೂ ನೀವೇ ಹಾಕಿ ನೋಡಿ. ಶಿಕ್ಷೆಯಾದವರನ್ನು ಮೊದಲು ಅವರವರ ಹೊಸ ಜಾಗದಲ್ಲಿ ಕೂರಿಸಿ, ಉಳಿದವರನ್ನು ಖಾಲಿ ಜಾಗಗಳಿಗೆ ಮುಂದೆ ತನ್ನಿ. ಅಂದು ಎರಡನೆಯವರಾಗಿದ್ದ ವರ್ಸ್ಟಪನ್ ಏಳಕ್ಕೆ, ಮೂರನೆಯವರಾಗಿದ್ದ ಬೊಟ್ಟಾಸ್ ಆರಕ್ಕೆ ಹೋದರು. ಇವರಿಬ್ಬರಿಗಿಂತ ಹಿಂದಿದ್ದ ಗ್ಯಾಸ್ಲಿ ಅದರಿಂದಲೇ ಮೊದಲ ಸಾಲಿಗೆ ಬಂದು ನಿಂತರು.