ಹಳೆಯ ಫ್ರೆಂಚ್ ಒಡವೆ ಕೊಳ್ಳುವ ಮುನ್ನ ಮುದ್ರೆ ನೋಡಿ

10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇಲ್ಲದೆ ಹಳೆಯ ಫ್ರೆಂಚ್ ಒಡವೆ ಕೊಳ್ಳಲು ಹೋಗಬೇಡಿ. 1838ರಿಂದ ಅಲ್ಲಿ 18 ಕ್ಯಾರಟ್ ಚಿನ್ನಕ್ಕೆ ಹದ್ದಿನ ತಲೆಯ ಮುದ್ರೆ, 1912ರಿಂದ ಪ್ಲಾಟಿನಂಗೆ ನಾಯಿತಲೆ. ಉಂಗುರದ ಒಳಗಷ್ಟೇ ಹುಡುಕಬೇಡಿ, ಹೊರಮೈಯಲ್ಲೇ ಹೆಚ್ಚಾಗಿ ಇರುತ್ತದೆ. ಸರದಲ್ಲಿ ಕೊಂಡಿಯ ಮೇಲೆ. ಸಾಸಿವೆಗಿಂತ ಚಿಕ್ಕದು, ಸವೆದಿದ್ದರೆ ಬೆಳಕನ್ನು ಓರೆಯಾಗಿ ಹಿಡಿಯಿರಿ. ಡೈಮಂಡ್ ಆಕಾರದ ಚೌಕಟ್ಟಿನೊಳಗಿನ ಅಕ್ಷರಗಳು ತಯಾರಕರ ಗುರುತು. ಇದೂ ಸಿಕ್ಕರೆ ಒಡವೆಯ ಬೆಲೆಯೇ ಬೇರೆ. ಗೂಬೆ ಕಂಡರೆ ಮಾತ್ರ ಎಚ್ಚರ: ಚಿನ್ನ ಅಸಲಿಯೇ, ಆದರೆ ಹೊರದೇಶದಿಂದ ಬಂದದ್ದು ಅಥವಾ ಮೂಲ ತಿಳಿಯದ್ದು. ಬ್ರೋಚಿನ ಪಿನ್ ಮೇಲಷ್ಟೇ ಮುದ್ರೆಯಿದ್ದರೆ ಪಿನ್ ಬದಲಾಗಿರಬಹುದು. ಹಿಂಬದಿಯಲ್ಲಿ ಬೂದುಬಣ್ಣದ ಸೀಸದ ಬೆಸುಗೆ ಇದ್ದರೆ ಬಿಟ್ಟುಬಿಡಿ. ಪೂರ್ತಿ ತೆಗೆಯದೆ ಕಾಯಿಸಿದರೆ ಅದು ಚಿನ್ನವನ್ನೇ ತಿಂದು ಗುಳಿ ಬೀಳಿಸುತ್ತದೆ.