ಸೀಸದ ಸೆನ್ಸರ್: ವೃಷಭಾವತಿಯ ನೀರಿಗೆ ಇಳಿಸುವ ಮುನ್ನ

ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಲ್ಯಾಬಿನಲ್ಲಿ ಅಯಾನುಗಳನ್ನು ಎಣಿಸುವ ಲೆಕ್ಕದಲ್ಲಿ ಇದು 48 ನ್ಯಾನೋಮೋಲಾರ್. ಅದೇ ಮಾನಕ ಸತುವಿಗೆ 5 ಮಿಲಿಗ್ರಾಂವರೆಗೂ ಬಿಡುತ್ತದೆ, ಅಂದರೆ ಸುಮಾರು 76 ಮೈಕ್ರೋಮೋಲಾರ್. ಸೀಸದ ಒಂದು ಅಯಾನಿನ ಪಕ್ಕದಲ್ಲಿ ಸತುವಿನ 1,600 ಅಯಾನು ನಿಂತಿರಬಹುದು! ಸತುವಿಗಿಂತ ಸೀಸವನ್ನು ಸಾವಿರ ಪಟ್ಟು ಬಿಗಿಯಾಗಿ ಹಿಡಿಯುವ ಪ್ರೊಟೀನ್ ಸಿಕ್ಕಿತು ಎಂದು ಖುಷಿಪಡುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ನಾವು ಕಟ್ಟಿದ್ದು ಫ್ರೆಟ್ ಮಾದರಿಯ ಸೆನ್ಸರ್, ಅಂದರೆ ಹೊಳೆಯುವ ಒಂದು ಪ್ರೊಟೀನ್ ಹತ್ತಿರದ ಇನ್ನೊಂದಕ್ಕೆ ಬೆಳಕಿನ ಶಕ್ತಿ ದಾಟಿಸುವಂಥದ್ದು. ಒಂದು ತುದಿಗೆ ನೀಲಿ ಹೊಳೆಯುವ ಇಸಿಎಫ್‌ಪಿ, ಇನ್ನೊಂದು ತುದಿಗೆ ಹಳದಿ ಹೊಳೆಯುವ ವೀನಸ್, ನಡುವೆ ಪಿಬಿಆರ್‌ಆರ್. ಕ್ಯುಪ್ರಿಯಾವಿಡಸ್ ಮೆಟಾಲಿಡುರಾನ್ಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಸೀಸ ಬಂತೆಂದು ಅರಿಯಲು ಇಟ್ಟುಕೊಂಡಿರುವ ಪ್ರೊಟೀನ್ ಈ ಪಿಬಿಆರ್‌ಆರ್. ಅದರ ಸಿಸ್ಟೀನ್‌ಗಳ ಗಂಧಕ ಸೀಸವನ್ನು ಕಚ್ಚಿಕೊಂಡಾಗ ಆಕಾರ ಬದಲಾಗಿ, ಎರಡು ತುದಿಗಳ ದೂರವೂ ಕೋನವೂ ಬದಲಾಗುತ್ತವೆ. 433 ನ್ಯಾನೋಮೀಟರಿನ ಬೆಳಕು ಕೊಟ್ಟು, 528ರಲ್ಲಿ (ವೀನಸ್) ಬಂದದ್ದನ್ನು 475ರಲ್ಲಿ (ಇಸಿಎಫ್‌ಪಿ) ಬಂದದ್ದರಿಂದ ಭಾಗಿಸಿದರೆ ಸಿಗುವ ಅನುಪಾತವೇ ಅಳತೆ. ಇಸಿಎಫ್‌ಪಿಯ ಬಾಲದ 11 ಅಮೈನೋ ಆಮ್ಲ ಕತ್ತರಿಸಿ ತೆಗೆಯಿರಿ. ಅದಕ್ಕೆ ಗಟ್ಟಿ ಆಕಾರವಿಲ್ಲ, ಇದ್ದರೆ ನಡುವಿನ ಅಲುಗಾಟವನ್ನೆಲ್ಲ ತಾನೇ ನುಂಗಿಬಿಡುತ್ತದೆ.

ಕ್ಲೋನಿಂಗ್‌ನಲ್ಲಿ, ಅಂದರೆ ಈ ಜೀನುಗಳನ್ನು ಜೋಡಿಸುವಾಗ, ಕಾಡಿದ್ದು ಒಂದೇ ವಿಷಯ. ಇಸಿಎಫ್‌ಪಿ, ವೀನಸ್ ಎರಡೂ ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೊಟೀನಿನ ಮಕ್ಕಳೇ, ಜೀನುಗಳು ಹೆಚ್ಚುಕಡಿಮೆ ಅಕ್ಷರಶಃ ಒಂದೇ. ಜೀನ್ ನಕಲಿಸಲು ಬಳಸುವ ಚಿಕ್ಕ ಡಿಎನ್‌ಎ ತುಂಡು (ಪ್ರೈಮರ್) ಎರಡು ಕಡೆಯೂ ಕೂರುತ್ತದೆ, ಬ್ಯಾಕ್ಟೀರಿಯಾದೊಳಗೆ ಅವೆರಡೂ ಕೂಡಿಕೊಂಡು ನಡುವಿನ ಪಿಬಿಆರ್‌ಆರ್ ಹಾರಿಹೋಗುತ್ತದೆ. ವೀನಸ್ ಜೀನನ್ನು ಬೇರೆ ಕೋಡಾನ್‌ಗಳಲ್ಲಿ (ಅದೇ ಅಮೈನೋ ಆಮ್ಲಕ್ಕೆ ಬೇರೆ ಮೂರಕ್ಷರಗಳಲ್ಲಿ) ಬರೆಸಿ ಸಿಂಥೆಸಿಸ್‌ಗೆ ಕೊಟ್ಟ ಮೇಲೆ ಈ ಕಾಟ ತಪ್ಪಿತು. ಜೀನುಗಳನ್ನು ಹೊತ್ತ ಡಿಎನ್‌ಎ ಉಂಗುರವನ್ನು (ಪ್ಲಾಸ್ಮಿಡ್) ಇಟ್ಟುಕೊಳ್ಳುವುದು ಡಿಎಚ್5ಆಲ್ಫಾ ಎಂಬ ಇ. ಕೋಲಿ ತಳಿಯಲ್ಲಿ. ಪ್ರೊಟೀನ್ ಮಾಡಿಸುವ ತಳಿ ಬಿಎಲ್21ರಲ್ಲಿ ಒಂದೇ ತರಹದ ಡಿಎನ್‌ಎಗಳನ್ನು ಕೂಡಿಸುವ ರೆಕ್‌ಎ ಇನ್ನೂ ಜೀವಂತ, ಹಾಗಾಗಿ ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿಟ್ಟ ಸ್ಟಾಕ್ ನಂಬದೆ ಪ್ರತಿ ಸಲ ಹೊಸದಾಗಿ ಪ್ಲಾಸ್ಮಿಡ್ ತೂರಿಸುತ್ತೇವೆ.

ಬೆಳೆಸುವುದು ಎಲ್ಲರಿಗೂ ಗೊತ್ತಿರುವ ಕೆಲಸ: ಆ್ಯಂಟಿಬಯಾಟಿಕ್ ಕ್ಯಾನಮೈಸಿನ್ ಮಿಲಿಗೆ 50 ಮೈಕ್ರೊಗ್ರಾಂ, ಓಡಿ (ಬೆಳೆಯ ಮಬ್ಬು) 0.6 ಆದಾಗ ಜೀನನ್ನು ಚಾಲೂ ಮಾಡುವ ಐಪಿಟಿಜಿ 0.2 ಮಿಲಿಮೋಲಾರ್, 18 ಡಿಗ್ರಿಯಲ್ಲಿ 20 ಗಂಟೆ. ಒಂದು ಲೀಟರಿನ ಫ್ಲಾಸ್ಕಿಗೆ 200 ಮಿಲಿಗಿಂತ ಹೆಚ್ಚು ತುಂಬಬೇಡಿ. ಪ್ರೊಟೀನಿನ ಹೊಳೆಯುವ ಭಾಗ (ಕ್ರೋಮೋಫೋರ್) ಬಲಿಯಲು ಆಮ್ಲಜನಕ ಬೇಕು. ರಾತ್ರಿ ಕರೆಂಟ್ ಹೋಗಿ ಶೇಕರ್ ನಿಂತರೆ ಬೆಳಿಗ್ಗೆ ಸಿಗುವುದು ಮಂಕು ಹಳದಿ ಗಸಿ.

ಪ್ರೊಟೀನನ್ನು ಅದರ ಹಿಸ್ಟಿಡಿನ್ ಬಾಲ ಹಿಡಿದು ಬೇರ್ಪಡಿಸಲು ನಿಕಲ್ ಕಾಲಂ ಬಳಸಿದರೆ ನಿಕಲ್ ಜೊತೆಯಲ್ಲೇ ಸೋರಿಬಂದು ಸಿಸ್ಟೀನ್‌ಗಳ ಮೇಲೆ ಕೂರುತ್ತದೆ. ಆ ಬಾಲವೂ ಸುಮ್ಮನಿರುವುದಿಲ್ಲ, ಲೋಹ ಕಂಡರೆ ಹಿಡಿಯುತ್ತದೆ. ಟೆವ್ ಪ್ರೋಟಿಯೇಸ್ ಎಂಬ ಕತ್ತರಿಸುವ ಕಿಣ್ವದಿಂದ ಬಾಲ ಕತ್ತರಿಸಿ, ಲೋಹ ಹಿಡಿಯುವ ಇಡಿಟಿಎಯಲ್ಲಿ (5 ಮಿಲಿಮೋಲಾರ್) ಒಂದು ಗಂಟೆ ಇಟ್ಟು, ಸಣ್ಣ ಅಣುಗಳನ್ನು ಬೇರ್ಪಡಿಸುವ ಡಿಸಾಲ್ಟಿಂಗ್ ಕಾಲಂನಲ್ಲಿ ಎರಡು ಸಲ ಹಾಯಿಸಿ. ಒಂದೇ ಸಲ ಹಾಯಿಸಿದರೆ ಉಳಿದ ಇಡಿಟಿಎ ಮುಂದೆ ಹಾಕುವ ಸೀಸವನ್ನು ಮೊದಲು ತಾನೇ ತಿನ್ನುತ್ತದೆ. ಆಗ ಗ್ರಾಫ್ ಸ್ವಲ್ಪ ದೂರ ಚಪ್ಪಟೆಯಾಗಿ ಓಡಿ ಆಮೇಲೆ ಬದಲಾಗತೊಡಗುತ್ತದೆ. ಸಾಂದ್ರತೆಯನ್ನು ವೀನಸ್‌ನ 515 ನ್ಯಾನೋಮೀಟರ್ ಹೀರಿಕೆಯಿಂದಲೇ ಲೆಕ್ಕ ಹಾಕಿ, ಪ್ರೊಟೀನ್ ಅಳೆಯುವ ಬ್ರಾಡ್‌ಫರ್ಡ್ ಪರೀಕ್ಷೆ ಬಲಿಯದ ಪ್ರೊಟೀನನ್ನೂ ಎಣಿಸಿಬಿಡುತ್ತದೆ. 20 ಮೈಕ್ರೋಲೀಟರಿನ ಪಾಲುಗಳಾಗಿ ಮೈನಸ್ 80ರಲ್ಲಿ, ಸಿಸ್ಟೀನ್ ಆಕ್ಸಿಡೈಸ್ ಆಗದಂತೆ ಕಾಯುವ ಟಿಸಿಇಪಿ 1 ಮಿಲಿಮೋಲಾರ್ ಸೇರಿಸಿ ಇಡುತ್ತೇವೆ. ಅಳೆಯುವ ದಿನ ಬೆಳಿಗ್ಗೆ ಆ ಟಿಸಿಇಪಿಯನ್ನೂ ತೆಗೆದು, ಮಧ್ಯಾಹ್ನದೊಳಗೆ ಮುಗಿಸುತ್ತೇವೆ. ಎರಡೂ ಬಣ್ಣ ಚೆನ್ನಾಗಿ ಹೊಳೆಯುತ್ತಿದೆ, ಸೀಸ ಹಾಕಿದರೆ ಅಲುಗುತ್ತಿಲ್ಲ ಅಂದರೆ ಸಿಸ್ಟೀನ್ ಆಕ್ಸಿಡೈಸ್ ಆಗಿದೆ ಎಂದೇ ಮೊದಲು ಅನುಮಾನಿಸಿ.

ನಿಜವಾದ ತಲೆನೋವು ಪಿಎಚ್ ಸ್ಥಿರವಾಗಿಡುವ ದ್ರಾವಣ, ಬಫರ್. ಫಾಸ್ಫೇಟ್ ಇರುವ ಪಿಬಿಎಸ್ ಬೇಡವೇ ಬೇಡ: ಸೀಸದ ಫಾಸ್ಫೇಟ್ ಕರಗುವುದಿಲ್ಲ, ಹಾಕಿದ ಸೀಸ ತಳಕ್ಕೆ ಇಳಿದಿರುತ್ತದೆ, ನಾವು ಪ್ರೊಟೀನಿಗೆ ಬೈಯುತ್ತಿರುತ್ತೇವೆ. ನಮ್ಮದು ಫಾಸ್ಫೇಟ್ ಇಲ್ಲದ ಮಾಪ್ಸ್ ಬಫರ್, 50 ಮಿಲಿಮೋಲಾರ್, ಪಿಎಚ್ 7.2, ಉಪ್ಪಿನ ಬದಲು 100 ಮಿಲಿಮೋಲಾರ್ ಪೊಟ್ಯಾಸಿಯಂ ನೈಟ್ರೇಟ್, ಏಕೆಂದರೆ ಕ್ಲೋರೈಡ್ ಕೂಡ ಸೀಸವನ್ನು ಸ್ವಲ್ಪ ಹಿಡಿಯುತ್ತದೆ. 100 ಮಿಲಿಗೆ 5 ಗ್ರಾಂ ಕೀಲೆಕ್ಸ್ (ಲೋಹ ಹೀರುವ ರಾಳದ ಕಾಳು) ಹಾಕಿ ಎರಡು ಗಂಟೆ ಕಲಕಿದರೆ ಹಳೆಯ ಲೋಹ ಹೋಗುತ್ತದೆ. ಕೀಲೆಕ್ಸ್ ಪಿಎಚ್ ಏರಿಸುತ್ತದೆ, ಆಮೇಲೆ ಮತ್ತೆ ಸರಿಪಡಿಸಬೇಕು. ಗಾಜಿನ ಗೋಡೆಗೆ ಸೀಸ ಅಂಟುವುದರಿಂದ ಎಲ್ಲವೂ ಪಾಲಿಪ್ರೊಪಿಲೀನ್, ರಾತ್ರಿಯಿಡೀ 10% ನೈಟ್ರಿಕ್ ಆಮ್ಲದಲ್ಲಿ ನೆನೆದದ್ದು.

ಸೆನ್ಸರ್ ಎಷ್ಟು ಹಾಕಬೇಕು? ಹೊಳಪು ಚೆನ್ನಾಗಿರಲಿ ಎಂದು 1 ಮೈಕ್ರೋಮೋಲಾರ್ ಹಾಕುವವರಿದ್ದಾರೆ. ಮಿತಿಯಲ್ಲಿರುವ ಸೀಸವೇ 48 ನ್ಯಾನೋಮೋಲಾರ್. ಅದು ನೂರರಲ್ಲಿ ಐದು ಸೆನ್ಸರಿಗೂ ಸಾಲದು. ಕಪ್ಪು ಪ್ಲೇಟಿನಲ್ಲಿ 50 ನ್ಯಾನೋಮೋಲಾರ್ ಇಟ್ಟು ರೀಡರಿನ ಗೇನ್ ಏರಿಸಿಕೊಳ್ಳುತ್ತೇವೆ.

ಇನ್ನು ಬೆಂಗಳೂರಿನ ವೃಷಭಾವತಿ ನದಿಯ ನೀರು. ಲೋಹದ ಪರೀಕ್ಷೆಗೆಂದು ತಂದ ಸ್ಯಾಂಪಲ್ಲಿಗೆ ನೈಟ್ರಿಕ್ ಆಮ್ಲ ಬೆರೆಸಿ ಪಿಎಚ್ 2ಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಅದನ್ನು ಹಾಗೇ ಸುರಿದರೆ ವೀನಸ್ ಆರಿಹೋಗುತ್ತದೆ. ಅದರ ಪಿಕೆಎ (ಹೊಳಪು ಅರ್ಧಕ್ಕಿಳಿಯುವ ಪಿಎಚ್) 6ರ ಆಸುಪಾಸು, ಇಸಿಎಫ್‌ಪಿ ಅದಕ್ಕಿಂತ ಗಟ್ಟಿ, ಆದ್ದರಿಂದ ಅನುಪಾತ ಕುಸಿದದ್ದು ಸೀಸದಿಂದಲೋ ಆಮ್ಲದಿಂದಲೋ ತಿಳಿಯದು. ಪಿಎಚ್ ಸರಿಮಾಡಿ, ಎರಡು ಪಟ್ಟು ಗಾಢ ಬಫರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ. ವೃಷಭಾವತಿಯ ನೀರಿನಲ್ಲಿರುವ ಸಾವಯವ ಕೊಳೆ ತಾನೇ ನೀಲಿ ಕಡೆ ಹೊಳೆಯುತ್ತದೆ; ಸೆನ್ಸರ್ ಇಲ್ಲದ ಅದೇ ನೀರಿನ ಓದನ್ನು ಎರಡೂ ಬಣ್ಣದಿಂದ ಕಳೆಯಿರಿ. ಅದೇ ಕೊಳೆ ಸೀಸವನ್ನು ಬಿಗಿಹಿಡಿದಿರುವುದರಿಂದ ಶುದ್ಧ ನೀರಿನಲ್ಲಿ ಎಳೆದ ಗೆರೆ ಇಲ್ಲಿ ನಡೆಯದು. ಸ್ಯಾಂಪಲ್ಲಿಗೇ ಲೀಟರಿಗೆ 10, 20, 40 ಮೈಕ್ರೊಗ್ರಾಂ ಸೀಸ ಸೇರಿಸಿ ಇಳಿಜಾರು ನೋಡಬೇಕು.

ಪ್ಲೇಟಿನಲ್ಲಿ ಪ್ರತಿ ಸಲ ಇನ್ನೊಂದು ಸಾಲು ಇರಲೇಬೇಕು: ಸೀಸ ಹಿಡಿಯುವ ಸಿಸ್ಟೀನ್‌ಗಳನ್ನು ಸೆರೀನ್ ಮಾಡಿದ ಕುರುಡು ಸೆನ್ಸರ್. ಅದೂ ಅಲುಗಿದರೆ ಕಾರಣ ಪಿಎಚ್, ಸೋಪು, ಬಣ್ಣ ಯಾವುದಾದರೂ ಆಗಿರಬಹುದು, ಸೀಸವಂತೂ ಅಲ್ಲ. ಕೊನೆಗೆ 1 ಮಿಲಿಮೋಲಾರ್ ಇಡಿಟಿಎ ಹಾಕಿದಾಗ ಅನುಪಾತ ಮೊದಲಿನ ಜಾಗಕ್ಕೆ ಮರಳಬೇಕು. ಮರಳದಿದ್ದರೆ ಪ್ರೊಟೀನ್ ಮುದ್ದೆಗಟ್ಟಿದೆ, ಆ ಓದನ್ನು ಕೈಬಿಡಿ.

ಕೈಗಾರಿಕಾ ಪ್ರದೇಶವಾದ ಪೀಣ್ಯದ ಕಡೆಯ ಚರಂಡಿ ನೀರು ಬಂದಾಗ ಈ ಎರಡು ಪರೀಕ್ಷೆಯೂ ಸಾಲದು. ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಗಳ ಸತು ಅದೇ ಸಿಸ್ಟೀನ್‌ಗಳನ್ನು ಹಿಡಿಯುತ್ತದೆ, ಇಡಿಟಿಎ ಹಾಕಿದರೆ ಸೀಸದಂತೆಯೇ ಬಿಟ್ಟೂ ಹೋಗುತ್ತದೆ. ಅಂಥ ನೀರಿಗೆ ನಾವು ಸಂಖ್ಯೆ ಕೊಡುವುದಿಲ್ಲ. ‘ಸೀಸ, ಇಲ್ಲವೇ ಬಹಳ ಸತು’ ಎಂದು ಬಾಟಲಿಯ ಮೇಲೆ ಬರೆದು, ಪ್ರತಿ ಲೋಹವನ್ನೂ ಬೇರೆಬೇರೆಯಾಗಿ ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ಕಳಿಸುತ್ತೇವೆ.